ಉತಾರದಲ್ಲಿ ಹೆಸರಿದ್ದವರು

ಗದಗ ಸೀಮೆಯ ಎರೆಹೊಲದಲ್ಲಿ ಹಿಂಗಾರಿ ಕಡಲೆ ಬಿತ್ತುವವರು ಒಬ್ಬರು, ಆ ಹೊಲಕ್ಕೆಂದು ಸರಕಾರ ಕೊಡುವ ದುಡ್ಡು ಪಡೆಯುವವರು ಇನ್ನೊಬ್ಬರು ಆಗಿರುವುದು ಅಪರೂಪವೇನಲ್ಲ. ಇದಕ್ಕೆ ಎಲ್ಲರೂ ಕೊಡುವ ಕಾರಣ ಲಂಚ, ವಶೀಲಿ, ನಡುವಿನವರ ಕೈಚಳಕ. ಅವು ಇಲ್ಲವೆಂದಲ್ಲ. ಆದರೆ ಒಂದು ರೂಪಾಯಿಯೂ ಸೋರದೆ, ಒಬ್ಬ ಗುಮಾಸ್ತನೂ ಕೈಯೊಡ್ಡದೆ, ಎಲ್ಲವೂ ನಿಯಮದ ಪ್ರಕಾರವೇ ನಡೆದರೂ ಫಲ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ಕಾರಣ ಹಳೆಯದು. ಕಂದಾಯವನ್ನು ಯಾರಿಂದ ವಸೂಲು ಮಾಡಬೇಕೆಂದು ತಿಳಿಯುವುದಕ್ಕೆ ಹುಟ್ಟಿದ ಕಾಗದವನ್ನೇ ನೆರವು ಯಾರಿಗೆ ಸಲ್ಲಬೇಕೆಂದು ತೀರ್ಮಾನಿಸುವುದಕ್ಕೂ ಸುಮಾರು 140 ವರ್ಷಗಳಿಂದ ಬಳಸುತ್ತ ಬಂದಿದ್ದೇವೆ. ಹಳೇ ಮೈಸೂರಿನವರು ಪಹಣಿ ಎನ್ನುವ, ಈ ಕಡೆಯವರು ಉತಾರ ಎನ್ನುವ ಕಾಗದ ಅದು. ಗದಗ 1997ರಲ್ಲಷ್ಟೇ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೂ ಮೊದಲು ಅದರ ಬಹುಭಾಗ ಧಾರವಾಡ ಜಿಲ್ಲೆಯಲ್ಲಿತ್ತು, ಇನ್ನೂ ಹಿಂದೆ ಹೋದರೆ ಬಾಂಬೆ ಪ್ರೆಸಿಡೆನ್ಸಿಯಲ್ಲಿ. ಈ ಕಾಗದದ ಸ್ವಭಾವ ತಿಳಿಯಬೇಕಾದರೆ ಅಲ್ಲಿಂದಲೇ ಹೊರಡಬೇಕು.

1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಧಾರವಾಡ ಸೀಮೆಯ ಹೊಲಗಳ ಮೋಜಣಿ ನಡೆಯಿತು. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು, ಮಣ್ಣಿನ ಕಸುವು ನೋಡಿ ಆಣೆ ಲೆಕ್ಕದಲ್ಲಿ ಒಂದು ದರ್ಜೆ, 30 ವರ್ಷಕ್ಕೆ ನಿಗದಿಯಾದ ಆಕಾರ ಎಂಬ ಕಂದಾಯ, ಅದನ್ನು ಕಟ್ಟುವ ಹೊಣೆ ಹೊತ್ತ ಒಬ್ಬ ಖಾತೆದಾರ. ಸರಕಾರಕ್ಕೆ ಬೇಕಾಗಿದ್ದುದು ಇಷ್ಟೇ. ಖಾತೆದಾರರು ತಾವೇ ಕುಂಟೆ ಹೊಡೆಯುತ್ತಾರೋ, ಗೇಣಿ ಗೊತ್ತುಮಾಡಿ ಬೇರೆಯವರಿಗೆ ಲಾವಣಿ ಹಾಕಿದ್ದಾರೋ, ಕೋರಿಗೆ ಕೊಟ್ಟು ಅರ್ಧ ಬೆಳೆ ಎತ್ತಿಕೊಳ್ಳುತ್ತಾರೋ ಎಂಬುದು ಖಜಾನೆಗೆ ಸಂಬಂಧಿಸದ ವಿಚಾರ. ಆಕಾರ ಬಂದರೆ ಸಾಕು. ಆ ಕಾಲದ ಆಡಳಿತಕ್ಕೆ ಇದು ದೋಷವಾಗಿ ತೋರಲಿಲ್ಲ, ತೋರುವ ಕಾರಣವೂ ಇರಲಿಲ್ಲ. ತೆರಿಗೆಯ ಪುಸ್ತಕದಲ್ಲಿ ತೆರಿಗೆ ಕೊಡುವವರ ಹೆಸರಿದ್ದರಾಯಿತು. ಕಾಲ ಕಳೆದಂತೆ ಖಾತೆಯಲ್ಲಿರುವ ಹೆಸರಿಗೂ ನೆಲದ ಮೇಲಿನ ಹಕ್ಕಿಗೂ ತಾಳೆ ತಪ್ಪಿತು. ಸತ್ತವರ ಹೆಸರು ಉಳಿದವು, ಸಾಹುಕಾರರ ಪಾಲಾದ ಹೊಲಗಳು ಹಳಬರ ಹೆಸರಿನಲ್ಲೇ ನಡೆದವು. ಹಕ್ಕುದಾಖಲೆಗೆಂದು ಬಾಂಬೆ ಸರಕಾರ ಪ್ರತ್ಯೇಕ ಕಾಯ್ದೆ ತಂದದ್ದು 1903ರಲ್ಲಿ.

ನೆರವು ಎಂಬುದು ಈ ಚೌಕಟ್ಟಿನೊಳಗೆ ಬಂದದ್ದು 1876–78ರ ಮಹಾಕ್ಷಾಮದ ನಂತರ. ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಆ ಬರ ಹಿಂಡಿಹಾಕಿತ್ತು. 1880ರ ಕ್ಷಾಮ ಆಯೋಗದ ವರದಿಯ ಬೆನ್ನಿಗೆ ಎರಡು ಕಾಯ್ದೆಗಳು ಬಂದವು: ಬಾವಿ, ಒಡ್ಡು ಮುಂತಾದ ಶಾಶ್ವತ ಕೆಲಸಗಳಿಗೆ ಸಾಲ ಕೊಡುವ 1883ರ ಕಾಯ್ದೆ, ಬೀಜಕ್ಕೂ ಎತ್ತುಗಳಿಗೂ ಬರದ ಕಷ್ಟಕ್ಕೂ ಸಾಲ ಕೊಡುವ 1884ರ ಕಾಯ್ದೆ. ಜನರ ಬಾಯಲ್ಲಿ ಎರಡೂ ತಗಾವಿಯೇ. ಇಂದಿನ ಎಲ್ಲ ಸಹಾಯಧನಗಳ ಮುತ್ತಜ್ಜ ಈ ತಗಾವಿ. ಅದು ಯಾರಿಗೆ? ಮೊದಲನೆಯದು ಭೂಮಿಯಲ್ಲಿ ಸುಧಾರಣೆ ಮಾಡುವ ಹಕ್ಕುಳ್ಳವರಿಗೆ, ಎರಡನೆಯದು ಸಾಗುವಳಿ ಭೂಮಿಯ ಒಡೆಯರಿಗೆ ಮತ್ತು ಕಬ್ಜೆದಾರರಿಗೆ. ಬಾಕಿ ಉಳಿದರೆ ಕಂದಾಯದ ಬಾಕಿಯಂತೆಯೇ ವಸೂಲಿ. ಕೊಡುವ ಕೈಯೂ ವಸೂಲು ಮಾಡುವ ಕೈಯೂ ಒಂದೇ ಆಗಿತ್ತು, ಎರಡಕ್ಕೂ ತೆರೆಯುತ್ತಿದ್ದ ಪುಸ್ತಕವೂ ಒಂದೇ. ಅರ್ಜಿದಾರರ ಖಾತೆ ಎಷ್ಟು ಎಕರೆ, ಆಕಾರ ಎಷ್ಟು ಎಂದು ಹೇಳಬೇಕಾದವರು ಊರ ಕುಲಕರ್ಣಿ, ಅದಕ್ಕೆ ತಲೆಯಾಡಿಸಬೇಕಾದವರು ಊರ ಗೌಡರು. ಬರ ಬಂದಾಗ ಮೊದಲು ಗುಳೆ ಹೋಗುತ್ತಿದ್ದ ಕೂಲಿಕಾರರು, ಕೋರು ಮಾಡುವವರು ಈ ಪುಸ್ತಕದ ಒಂದು ಸಾಲಿನಲ್ಲೂ ಇರಲಿಲ್ಲ. ಅವರ ಪಾಲಿಗೆ ಇದ್ದದ್ದು ಕ್ಷಾಮ ಪರಿಹಾರದ ಕಲ್ಲು ಒಡೆಯುವ ಕೆಲಸ. ರೈತರಿಗೆ ಸಾಲ, ಕೂಲಿಗಳಿಗೆ ಕಲ್ಲು ಎಂಬ ಈ ವಿಂಗಡಣೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು, ಹೆಸರು ಬದಲಿಸಿಕೊಂಡು ಅದು ಮತ್ತೆ ಮತ್ತೆ ಎದುರಾಗುತ್ತದೆ.

ಸಹಕಾರ ಚಳವಳಿ ಈ ಗೆರೆಯನ್ನು ಅಳಿಸಬಹುದಿತ್ತು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘವನ್ನು ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಗುರುತಿಸುತ್ತಾರೆ. ಜಿಲ್ಲೆ ಇದರ ಬಗ್ಗೆ ಹೆಮ್ಮೆಪಡುವುದು ನ್ಯಾಯವೇ. ಸಾಹುಕಾರರ ಬಡ್ಡಿಯಿಂದ ಊರನ್ನು ಬಿಡಿಸಲು ಊರವರೇ ದುಡ್ಡು ಕೂಡಿಸಿದ್ದು ಸಣ್ಣ ಮಾತಲ್ಲ, ಅದೂ ಸರಕಾರದ ಬಾಗಿಲು ಕಾಯದೆ. ಆದರೆ ಅಂದಿನ ಗ್ರಾಮೀಣ ಸಂಘಗಳ ಹೊಣೆಗಾರಿಕೆ ಅಪರಿಮಿತವಾಗಿತ್ತು. ಒಬ್ಬ ಸದಸ್ಯರು ಸಾಲ ತೀರಿಸದಿದ್ದರೆ ಉಳಿದವರ ಆಸ್ತಿಯೆಲ್ಲ ಅದಕ್ಕೆ ಜವಾಬು ಹೇಳಬೇಕು. ಇಂಥ ಸಂಘದೊಳಗೆ ಆಸ್ತಿಯಿಲ್ಲದವರನ್ನು ಕರೆದುಕೊಳ್ಳಲು ಆಸ್ತಿಯಿದ್ದವರು ಹಿಂಜರಿದರೆ ಅದರಲ್ಲಿ ಕೇಡಿಲ್ಲ, ಲೆಕ್ಕವಿದೆ. ಸ್ಥಾಪಕರ ಸದುದ್ದೇಶವನ್ನು ಇಲ್ಲಿ ಯಾರೂ ಪ್ರಶ್ನಿಸಬೇಕಾಗಿಲ್ಲ. ಸಾಲಕ್ಕೆ ಜಾಮೀನು ಬೇಕು, ಜಾಮೀನಿಗೆ ಹೊಲ ಬೇಕು, ಹೊಲಕ್ಕೆ ಉತಾರ ಬೇಕು. ಸರಪಳಿ ಅಲ್ಲಿಯೂ ತಾನಾಗಿ ಕೂಡಿಕೊಂಡಿತು. ಅರ್ಧ ಶತಮಾನದ ಬಳಿಕ ರಿಸರ್ವ್ ಬ್ಯಾಂಕ್ ನಡೆಸಿದ 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಒಟ್ಟು ಲೆಕ್ಕ ತೆಗೆಯಿತು: ರೈತ ಕುಟುಂಬಗಳು ತಂದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. 3.1, ಸರಕಾರದ ತಗಾವಿಯಂಥವುಗಳ ಪಾಲು ಶೇ. 3.3. ತಗಾವಿಯೂ ಸೊಸೈಟಿಯೂ ಸೇರಿ ನೂರಕ್ಕೆ ಏಳನ್ನೂ ಮುಟ್ಟಿರಲಿಲ್ಲ.

ಈ ಇತಿಹಾಸದಲ್ಲಿ ಒಂದೇ ಒಂದು ಸಲ ಸರಕಾರ ಕಾಗದವೊಂದನ್ನೇ ನೆಚ್ಚದೆ ಹೊಲದತ್ತ ನೋಡಿತು. ಆ ಸಂದರ್ಭವೂ ಈ ಭಾಗಕ್ಕೆ ತಡವಾಗಿ ಬಂತು. ಬಾಂಬೆ ಗೇಣಿ ಕಾಯ್ದೆಯ ಪ್ರಕಾರ 1957ರ ಏಪ್ರಿಲ್ 1ರಂದು ಉಳುವವರೇ ಒಡೆಯರಾಗಬೇಕಿತ್ತು. ಅದಕ್ಕೆ ಐದು ತಿಂಗಳು ಮುಂಚೆ, 1956ರ ನವೆಂಬರ್ 1ರಂದು, ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಏಕೀಕರಣದ ಸಂಭ್ರಮದಲ್ಲಿ ಈ ಸಂಗತಿಯನ್ನು ನೆನೆಯುವವರು ಕಡಿಮೆ. ಹೊಸ ರಾಜ್ಯ ಆ ಕಲಮುಗಳನ್ನು ಅಮಾನತಿನಲ್ಲಿಟ್ಟು ತನ್ನದೇ ಕಾಯ್ದೆ ಬರೆಯಲು ಕೂತಿತು. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬರುವಷ್ಟರಲ್ಲಿ 1965 ಆಗಿತ್ತು. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರಕಾರದ ವಶವಾದವು, ಗೇಣಿದಾರರು 7ನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಕೇಳಿದರು. ರಾಜ್ಯದಾದ್ಯಂತ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಮಂಡಳಿಗಳು ಉತಾರ ನೋಡಿದವು, ಜೊತೆಗೆ ಬಾಜೂ ಹೊಲದವರು ಹೇಳಿದ್ದನ್ನೂ ಕೇಳಿದವು. ಬಿತ್ತಿದವರು ಯಾರು, ರಾಶಿ ಮಾಡಿದವರು ಯಾರು, ಗೇಣಿ ಅಳೆದುಕೊಟ್ಟವರು ಯಾರು ಎಂಬ ಬಾಯಿಮಾತಿಗೆ ಸಾಕ್ಷ್ಯದ ತೂಕ ಬಂದದ್ದು ಆಗಲೇ. ಸುಳ್ಳು ಅರ್ಜಿಗಳೂ ಬಂದವು, ಬೆದರಿ ಅರ್ಜಿಯನ್ನೇ ಹಾಕದವರೂ ಇದ್ದರು. ಆದರೂ ದುಡಿಯುವವರನ್ನು ಗುರುತಿಸುವುದು ಸರಕಾರದ ಕೈಲಾಗದ ಕೆಲಸ ಎಂಬ ಮಾತು ಆ ಐದಾರು ವರ್ಷಗಳಲ್ಲಿ ಸುಳ್ಳಾಯಿತು.

ಆ ಕಾಯ್ದೆಗೆ ಇನ್ನೊಂದು ಮಗ್ಗುಲೂ ಇತ್ತು. ಹಳೆಯ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಕಾನೂನು ಹೊಸ ಗೇಣಿಯನ್ನು ನಿಷೇಧಿಸಿತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಇನ್ನಾರೂ ಹೊಲ ಗೇಣಿಗೆ ಕೊಡುವಂತಿಲ್ಲ. ಗೇಣಿ ನಿಂತಿತೇ? ಮಕ್ಕಳು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನೌಕರಿ ಹಿಡಿದ ಮೇಲೆ ಊರಲ್ಲಿ ಉಳಿದ ಹೊಲವನ್ನು ಯಾರಾದರೂ ಮಾಡಲೇಬೇಕು. ಇದ್ದ ಎರಡು ಎಕರೆಯಲ್ಲಿ ಎತ್ತು ಸಾಕಲಾರದವರಿಗೆ ಇನ್ನೂ ನಾಲ್ಕು ಎಕರೆ ಬೇಕೇ ಬೇಕು. ಹಾಗಾಗಿ ಲಾವಣಿ ನಡೆದೇ ಇದೆ, ಬಾಯಿಮಾತಿನಲ್ಲಿ. ಮಾಲೀಕರು ಒಂದೇ ಹೊಲವನ್ನು ಒಬ್ಬರಿಗೇ ಬಹಳ ವರ್ಷ ಬಿಡುವುದಿಲ್ಲ, ಕಾಗದ ಬರೆದುಕೊಡುವುದಂತೂ ಇಲ್ಲವೇ ಇಲ್ಲ. 1974 ಮರಳಿ ಬಂದರೆ ಎಂಬ ಭಯ ಮೂರನೇ ತಲೆಮಾರಿಗೂ ಇಳಿದಿದೆ. 2018–19ರ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದ ಹಿಡುವಳಿಗಳಲ್ಲಿ ಶೇ. 17ರಷ್ಟರಲ್ಲಿ ಗೇಣಿ ಭೂಮಿ ಇದೆಯೆಂದು ಕಂಡುಕೊಂಡಿತು. ಕಾನೂನುಬಾಹಿರ ಎನಿಸಿಕೊಂಡ ವ್ಯವಹಾರವನ್ನು ಸಮೀಕ್ಷೆಗೆ ಬಂದ ಅಪರಿಚಿತರ ಮುಂದೆ ಒಪ್ಪಿಕೊಂಡವರ ಲೆಕ್ಕ ಅದು. ನಿಜವಾದ ಪ್ರಮಾಣ ಅದಕ್ಕಿಂತ ಹೆಚ್ಚಿದ್ದೀತೇ ಹೊರತು ಕಡಿಮೆಯಿರಲಾರದು.

1980ರ ನರಗುಂದ ಬಂಡಾಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ಕಾಲುವೆಗಳು ನರಗುಂದ, ನವಲಗುಂದ ತಾಲೂಕುಗಳತ್ತ ಬಂದವು. ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರ, ನೀರಿನ ಕರಗಳ ನೋಟಿಸು ಮನೆಗೆ ಮುಟ್ಟಿತು. ಹತ್ತಿಯ ಬೆಲೆ ಬಿದ್ದಿತ್ತು. ಆ ಜುಲೈ 21ರಂದು ನಡೆದ ಗೋಲಿಬಾರಿಗೆ ರೈತರು ಬಲಿಯಾದರು. ಇಂದಿಗೂ ಆ ದಿನ ಅಲ್ಲಿ ಹುತಾತ್ಮರ ದಿನಾಚರಣೆ ನಡೆಯುತ್ತದೆ. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಅಂದಿನಿಂದ ಸರಕಾರಗಳು ರೈತರಿಗೆ ಅಂಜುವುದನ್ನು ಕಲಿತವು, ಅಂಜಿದ್ದು ಒಳ್ಳೆಯದೇ ಆಯಿತು. ಆದರೆ ಬೇಡಿಕೆಗಳ ಪಟ್ಟಿಯನ್ನು ಗಮನಿಸಿ: ಕರ ಮನ್ನಾ, ಸಾಲ ಮನ್ನಾ, ವೈಜ್ಞಾನಿಕ ಬೆಲೆ. ಕರ ಇರುವುದು ಹೊಲದ ಮೇಲೆ, ಸೊಸೈಟಿ ಸಾಲ ಸಿಗುವುದು ಹೊಲದ ಮೇಲೆ. ಕೂಲಿಕಾರರೂ ಆ ಮೆರವಣಿಗೆಯಲ್ಲಿ ನಡೆದಿದ್ದರು, ಊರಿಗೂರೇ ಎದ್ದಾಗ ಮನೆಯಲ್ಲಿ ಕೂರುವವರು ಯಾರು? ಆದರೆ ಗೆದ್ದದ್ದು ಹಂಚಿಕೆಯಾಗುವಾಗ ಮೆರವಣಿಗೆಯ ಪಟ್ಟಿ ಇರುವುದಿಲ್ಲ, ಇರುವುದು ತಹಶೀಲ್ದಾರ ಕಚೇರಿಯ ಪಟ್ಟಿ. ಆಮೇಲೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಬಂತು. ಇಂದು ರಾಜ್ಯದ ಬೊಕ್ಕಸಕ್ಕೆ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿ ಮೀರಿದ ಹೊರೆ ಅದು. ಮಳೆಯನ್ನೇ ನಂಬಿದ ಮುಂಡರಗಿ, ರೋಣದ ಒಣಬೇಸಾಯದ ಹೊಲಕ್ಕೆ ಅದರಿಂದ ಬರುವುದೇನೂ ಇಲ್ಲ. ಕೊಳವೆಬಾವಿ ಕೊರೆಸುವ ಶಕ್ತಿ ಮೊದಲು ಬೇಕು, ಉಚಿತ ಕರೆಂಟು ಆಮೇಲೆ.

ಸಾಲಮನ್ನಾಗಳ ಕಥೆಯೂ ಹೆಚ್ಚುಕಡಿಮೆ ಇದೇ. 1990ರಲ್ಲಿ ಕೇಂದ್ರ ಸರಕಾರ 10,000 ರೂಪಾಯಿವರೆಗಿನ ಸಾಲ ಮನ್ನಾ ಮಾಡಿತು. 2008ರಲ್ಲಿ ಎರಡು ಹೆಕ್ಟೇರಿನೊಳಗಿನವರ ಬಾಕಿಯನ್ನು ಪೂರ್ತಿ ಬಿಟ್ಟು, ಉಳಿದವರಿಗೆ ಶೇ. 25ರ ರಿಯಾಯಿತಿ ಕೊಟ್ಟಿತು. ರಾಜ್ಯ ಸರಕಾರ 2017ರಲ್ಲಿ ಸಹಕಾರಿ ಸಾಲದಲ್ಲಿ 50,000 ರೂಪಾಯಿ ಮನ್ನಾ ಮಾಡಿತು. 2018ರಲ್ಲಿ ಬ್ಯಾಂಕ್ ಸಾಲದಲ್ಲಿ ಎರಡು ಲಕ್ಷದವರೆಗೆ, ಸಹಕಾರಿ ಸಾಲದಲ್ಲಿ ಒಂದು ಲಕ್ಷದವರೆಗೆ ಮನ್ನಾ ಘೋಷಿಸಿತು. 2008ರ ಮಿತಿ ಒಣಭೂಮಿಯ ಜಿಲ್ಲೆಗಳಿಗೆ ಎಷ್ಟು ಹೊಂದದೆ ಹೋಯಿತೆಂದು ನೋಡಿ. ನೀರಾವರಿಯ ಮೂರು ಎಕರೆ ಹತ್ತು ಎಕರೆ ಎರೆಹೊಲಕ್ಕಿಂತ ಹೆಚ್ಚು ಕೊಡುತ್ತದೆ. ಆದರೂ ಯೋಜನೆಯ ಕಣ್ಣಿಗೆ ಮೂರು ಎಕರೆಯವರು ಸಣ್ಣ ರೈತರು, ಹತ್ತು ಎಕರೆಯವರು ಅಲ್ಲ. ಇದಕ್ಕಿಂತ ದೊಡ್ಡ ಕೊರತೆ ಬೇರೆಯಿದೆ. ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ ಸಾಲ ಇದ್ದರೆ ಮಾತ್ರ ಮನ್ನಾ. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ರೈತ ಕುಟುಂಬಗಳ ಸಾಲದ ಮೊತ್ತದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಲೇವಾದೇವಿಗಾರರದು. ಲಾವಣಿ ಹಿಡಿದವರು ಉತಾರವಿಲ್ಲದೆ ಬೆಳೆಸಾಲ ಪಡೆಯಲಾರರು, ಆದ್ದರಿಂದ ಗೊಬ್ಬರದಂಗಡಿಯಲ್ಲಿ ಉದ್ದರಿ, ದಲಾಲಿ ಅಂಗಡಿಯಲ್ಲಿ ಮುಂಗಡ. ಆ ಸಾಲ ಯಾವ ಸರಕಾರಿ ಆದೇಶಕ್ಕೂ ಮನ್ನಾ ಆಗುವುದಲ್ಲ. ಅದೇ ಹೊಲದ ಉತಾರದ ಮೇಲೆ ಮಾಲೀಕರು ತೆಗೆದ ಬೆಳೆಸಾಲ ಮನ್ನಾ ಆಗುತ್ತದೆ, ಆ ವರ್ಷ ಅಲ್ಲಿ ಬೆಳೆ ಬೆಳೆದವರು ಬೇರೆಯವರೇ ಆಗಿದ್ದರೂ.

2019ರಲ್ಲಿ ಬಂದ ಕೇಂದ್ರದ ಪಿಎಂ-ಕಿಸಾನ್ ಯೋಜನೆ ಉತಾರಕ್ಕೆ ಅಂಟಿಕೊಳ್ಳುವ ಈ ಗುಣವನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡಿತು. ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು, ಭೂದಾಖಲೆಯಲ್ಲಿ ಹೆಸರಿರುವ ಕುಟುಂಬಕ್ಕೆ. ಮೊದಲು ಎರಡು ಹೆಕ್ಟೇರಿನ ಮಿತಿಯಿತ್ತು, ಕೆಲವೇ ತಿಂಗಳಲ್ಲಿ ಅದನ್ನೂ ತೆಗೆದರು. ಆದಾಯ ತೆರಿಗೆ ಕಟ್ಟುವವರು, ತಿಂಗಳಿಗೆ 10,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಪಿಂಚಣಿ ಪಡೆಯುವವರು ಅನರ್ಹರು. ಕರ್ನಾಟಕ ಸರಕಾರ ಅದರ ಮೇಲೆ 4,000 ರೂಪಾಯಿ ಸೇರಿಸಿತು, 2023ರ ನಂತರ ಅದು ನಿಂತಿತು. 2011ರ ಜನಗಣತಿಯಲ್ಲಿ ದೇಶದ ಸಾಗುವಳಿದಾರರು 11.9 ಕೋಟಿ, ಕೃಷಿ ಕೂಲಿಕಾರರು 14.4 ಕೋಟಿ. ಬೇಸಾಯದಲ್ಲಿ ದುಡಿಯುವವರ ಪೈಕಿ ದೊಡ್ಡ ಪಾಲನ್ನು ಹೊರಗಿಟ್ಟೇ ರೈತರಿಗೆ ನೇರ ನೆರವು ಶುರುವಾಯಿತು. ಹೆಂಗಸರ ಲೆಕ್ಕ ಇನ್ನೂ ವಿಚಿತ್ರ. ಮೆಣಸಿನಕಾಯಿ ಬಿಡಿಸುವುದರಿಂದ ಶೇಂಗಾ ಹರಿಯುವವರೆಗೆ ಹೊಲದ ಕೆಲಸದ ಬಹುಪಾಲು ಅವರದು. 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಮಹಿಳೆಯರು ಶೇ. 14 ಮಾತ್ರ. ಗಂಡ ತೀರಿಕೊಂಡು ವಾರಸಾ ಆದಾಗಷ್ಟೇ ಬಹಳ ಜನರ ಹೆಸರು ಉತಾರ ಹತ್ತುವುದು, ಅದೂ ಅಣ್ಣತಮ್ಮಂದಿರ ತಕರಾರು ಇರದಿದ್ದರೆ.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳಿವೆ, ಅವೇನೂ ಹಗುರವಲ್ಲ. ಕಾಗದವನ್ನು ನೆಚ್ಚದಿದ್ದರೆ ಸಿಕ್ಕಸಿಕ್ಕವರೆಲ್ಲ ತಾವೂ ರೈತರೆಂದು ಬರುವುದಿಲ್ಲವೇ ಎಂಬುದು ಮೊದಲನೆಯದು. ಬರುತ್ತಾರೆ. ಆದರೆ ಕಾಗದ ನೆಚ್ಚಿದಾಗಲೂ ಬಂದಿದ್ದಾರೆ: ಪಿಎಂ-ಕಿಸಾನ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ 1,364 ಕೋಟಿ ರೂಪಾಯಿ ಹೋಗಿದೆಯೆಂದು ಮಾಹಿತಿ ಹಕ್ಕಿನಡಿ ಕೇಂದ್ರ ಕೃಷಿ ಸಚಿವಾಲಯವೇ ತಿಳಿಸಿತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೆರಿಗೆ ಕಟ್ಟುವವರು. ಎರಡನೆಯದು ಲೆಕ್ಕ ಬಲ್ಲವರ ವಾದ. ನೆರವು ಮಾಲೀಕರಿಗೆ ಹೋದರೂ ಲಾವಣಿಯ ದರ ಅಷ್ಟು ಇಳಿದು ಉಳುವವರಿಗೂ ತಟ್ಟುತ್ತದೆ ಎಂದು ಅವರು ಹೇಳುತ್ತಾರೆ. ಹೊಲ ಕೊಡುವವರು ಹೆಚ್ಚಿದ್ದು ಕೇಳುವವರು ಕಡಿಮೆಯಿದ್ದರೆ ಹಾಗಾಗಬಹುದಿತ್ತು. ಒಂದು ಹೊಲಕ್ಕೆ ನಾಲ್ಕು ಜನ ಕೇಳುವ ಊರಿನಲ್ಲಿ ಯುಗಾದಿಗೆ ಮುಂಗಡ ಎಣಿಸಿಕೊಳ್ಳುವ ಮಾಲೀಕರು ತಮ್ಮ ಖಾತೆಗೆ ಬಂದ 2,000ವನ್ನು ನೆನೆದು ದರ ಇಳಿಸುವರೆಂದು ನಂಬುವುದು ಕಷ್ಟ. ಹೊಲಕ್ಕೆ ಅಂಟಿದ ಸವಲತ್ತು ಹೆಚ್ಚಿದಷ್ಟೂ ಹೊಲದ ಬೆಲೆಯೂ ಲಾವಣಿಯೂ ಏರುವುದೇ ರೂಢಿ. ಬೋರು ಬಿದ್ದ ಹೊಲದ ದರ ಯಾವಾಗಲೂ ಬೇರೆಯೇ.

ಮೂರನೆಯ ಆಕ್ಷೇಪಕ್ಕೆ ಮಾತ್ರ ಬಲವಿದೆ. ಎಲ್ಲ ನೆರವೂ ಉತಾರವನ್ನು ಹಿಡಿದೇ ಹೋಗುವುದಿಲ್ಲ. ರಸಗೊಬ್ಬರದ ಸಬ್ಸಿಡಿ ಅಂಥದ್ದು. 2018ರಿಂದ ಅಂಗಡಿಯ ಯಂತ್ರದ ಮೇಲೆ ಬೆರಳೊತ್ತಿ ಆಧಾರ್ ತೋರಿಸಿದರೆ ಯಾರಾದರೂ ಯೂರಿಯಾ ಚೀಲ ಒಯ್ಯಬಹುದು, ಲಾವಣಿಯವರೂ ಅದೇ ಬೆಲೆ ಕೊಡುತ್ತಾರೆ. ಇದು ನಿಜ. ನೀರಿದ್ದವರು ಹೆಚ್ಚು ಗೊಬ್ಬರ ಹಾಕುತ್ತಾರೆ, ಹಾಗಾಗಿ ಹೆಚ್ಚು ಸಬ್ಸಿಡಿ ಪಡೆಯುತ್ತಾರೆ ಎಂಬುದೂ ನಿಜವೇ. ಆದರೂ ಇಲ್ಲಿ ಉಳುವವರ ಕೈಗೆ ಅವರ ಪಾಲು ಬರುತ್ತದೆ. ಇದು ನನ್ನ ವಾದವನ್ನು ಕೆಡಿಸುವುದಕ್ಕಿಂತ ಗಟ್ಟಿಮಾಡುತ್ತದೆ ಎಂದೇ ನನಗೆ ತೋರುತ್ತದೆ. ಸೋರಿಕೆ, ಭ್ರಷ್ಟಾಚಾರ, ಜಾತಿ ಎಲ್ಲ ಹಾಗೇ ಇರುವ ಅದೇ ಊರಿನಲ್ಲಿ ಕಾಗದವೊಂದನ್ನು ನಡುವಿನಿಂದ ತೆಗೆದಾಗ ಹಂಚಿಕೆ ಬದಲಾಗುತ್ತದೆ. ಬೇರೆ ರಾಜ್ಯಗಳೂ ಇದನ್ನು ಪ್ರಯತ್ನಿಸಿವೆ. ಒಡಿಶಾದ ಕಾಲಿಯಾ ಯೋಜನೆ ಪಾಲುಗಾರರನ್ನೂ ಭೂಹೀನ ಕೃಷಿ ಕುಟುಂಬಗಳನ್ನೂ ಒಳಗೆ ತಂದಿತು. ಆಂಧ್ರಪ್ರದೇಶ 2011ರಲ್ಲಿ ಗೇಣಿದಾರರಿಗೆ ಗುರುತಿನ ಚೀಟಿ ಕೊಡುವ ಕಾಯ್ದೆ ಮಾಡಿತು. ಅದಕ್ಕೆ ಮಾಲೀಕರ ಸಹಿ ಬೇಡವಾಗಿತ್ತು, 2019ರ ಹೊಸ ಕಾಯ್ದೆ ಸಹಿ ಬೇಕೆಂದಿತು. ತೆಲಂಗಾಣ ಮಾತ್ರ ರೈತಬಂಧು ನೆರವನ್ನು ಎಕರೆ ಲೆಕ್ಕದಲ್ಲಿ, ಮೇಲ್ಮಿತಿಯೇ ಇಲ್ಲದೆ ಮಾಲೀಕರಿಗೆ ಕೊಟ್ಟಿತು. ಗೇಣಿಯನ್ನು ಕಾನೂನಿನೊಳಗೆ ತರಬೇಕು, ಅದರಿಂದ ಒಡೆತನದ ಹಕ್ಕು ಹುಟ್ಟುವುದಿಲ್ಲವೆಂದು ಮಾಲೀಕರಿಗೆ ಖಾತ್ರಿ ಕೊಡಬೇಕು ಎಂದು ನೀತಿ ಆಯೋಗ 2016ರಲ್ಲಿ ಮಾದರಿ ಮಸೂದೆಯನ್ನೇ ಬರೆದುಕೊಟ್ಟಿದೆ. ಕರ್ನಾಟಕದಲ್ಲಿ ಅದನ್ನು ಎತ್ತಿಕೊಳ್ಳುವ ಧೈರ್ಯ ಯಾವ ಪಕ್ಷಕ್ಕೂ ಬಂದಿಲ್ಲ. 1974ರ ಕಾಯ್ದೆಯನ್ನು ಮುಟ್ಟಿದವರೆಂಬ ಹೆಸರು ಯಾರಿಗೂ ಬೇಡ. 2020ರಲ್ಲಿ ಅದೇ ಕಾಯ್ದೆಯನ್ನು ತಿದ್ದಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದೆಂದು ಮಾಡುವಾಗ ಈ ಮುಜುಗರ ಅಡ್ಡ ಬರಲಿಲ್ಲ ಎಂಬುದು ಬೇರೆ ಮಾತು.

ಉಳುವವರ ಹೆಸರಿಗೆ ಉತಾರದಲ್ಲಿ ಜಾಗವೇ ಇಲ್ಲವೆಂದು ತಿಳಿಯಬಾರದು. 9ನೇ ಕಾಲಂ ಸ್ವಾಧೀನದಾರರದು, 11ನೆಯದು ಬ್ಯಾಂಕಿನ ಬೋಜಾದಂಥ ಋಣಗಳದು, 12ನೆಯದು ಸಾಗುವಳಿಯದು: ಯಾವ ವರ್ಷ, ಯಾವ ಹಂಗಾಮು, ಸಾಗುವಳಿದಾರರು ಯಾರು, ಯಾವ ರೀತಿಯ ಸಾಗುವಳಿ, ಏನು ಬೆಳೆ. ತಲಾಟಿ ಹೊಲಕ್ಕೆ ಹೋಗಿ ನೋಡಿ ಬರೆಯಬೇಕಾದ ಮನೆ ಅದು. ಆದರೆ 9ರಲ್ಲಿದ್ದ ಹೆಸರೇ 12ರಲ್ಲೂ ಇಳಿಯುತ್ತದೆ, ಮುಂದೆ 'ಸ್ವಂತ' ಎಂದು ಬರೆದಿರುತ್ತದೆ. ಬೇರೆ ಹೆಸರು ಬಿದ್ದರೆ ಮಾಲೀಕರು ಕಚೇರಿಯ ಮೆಟ್ಟಿಲು ಹತ್ತುತ್ತಾರೆ, ಇನ್ನೊಂದು 7ನೇ ನಮೂನೆಗೆ ಅದು ಸಾಕ್ಷಿಯಾದೀತೆಂದು. 2000ದ ಸುಮಾರಿಗೆ ಭೂಮಿ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 15 ರೂಪಾಯಿಗೆ ಯಾರಿಗೆ ಬೇಕಾದರೂ ಸಿಗುವಂತೆ ಮಾಡಿತು. ತಲಾಟಿಯ ಮನೆಗೆ ಅಲೆಯುವುದು ತಪ್ಪಿತು, ಅದು ದೊಡ್ಡ ಉಪಕಾರ. ಆದರೆ ಬರೆದದ್ದರ ಸತ್ಯವನ್ನು ಯಂತ್ರ ಪರೀಕ್ಷಿಸಲಿಲ್ಲ, ಕೈಬರಹದ 'ಸ್ವಂತ' ಅಚ್ಚಿನ 'ಸ್ವಂತ' ಆಯಿತು.

ಈಗ ಸರಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಪ್ರತಿ ರೈತರಿಗೂ ಎಫ್‌ಐಡಿ ಎಂಬ ಒಂದು ಗುರುತಿನ ನಂಬರು. ಅದಕ್ಕೆ ಆಧಾರ್, ಬ್ಯಾಂಕ್ ಖಾತೆ, ಸರ್ವೆ ನಂಬರುಗಳು ಜೋಡಣೆಯಾಗಿವೆ. ರೈತ ಸಂಪರ್ಕ ಕೇಂದ್ರದ ಬಿತ್ತನೆ ಬೀಜ, ಬರ ಪರಿಹಾರ, ಬೆಳೆ ವಿಮೆ ಎಲ್ಲದಕ್ಕೂ ಅದೇ ಬಾಗಿಲು. ವಿಮೆಯ ನಿಯಮದಲ್ಲಿ ಗೇಣಿದಾರರಿಗೂ ಅವಕಾಶವಿದೆ, ದಾಖಲೆ ಇದ್ದರೆ. ಕಾನೂನು ಒಪ್ಪದ ಲಾವಣಿಗೆ ಕರಾರು ಬರೆದುಕೊಡುವ ಮಾಲೀಕರು ಎಲ್ಲಿ ಸಿಕ್ಕಾರು? ಬೆಳೆ ಸಮೀಕ್ಷೆಯ ಆ್ಯಪ್ ಪ್ರತಿ ಹೊಲದ ಫೋಟೊ ತೆಗೆದು ಅಲ್ಲಿ ಹೆಸರಿದೆಯೋ ಗೋವಿನಜೋಳವಿದೆಯೋ ಎಂದು ದಾಖಲಿಸುತ್ತದೆ. ಯಾವ ಗುಂಟೆಯಲ್ಲಿ ಯಾವ ಬೆಳೆಯೆಂದು ಸರಕಾರಕ್ಕೆ ಹಿಂದೆಂದೂ ಇಷ್ಟು ಖಚಿತವಾಗಿ ಗೊತ್ತಿರಲಿಲ್ಲ. ಅದನ್ನು ಬೆಳೆದವರು ಯಾರೆಂದು ಮಾತ್ರ ಆ್ಯಪ್ ಕೇಳುವುದಿಲ್ಲ, ಬೆಳೆ ಹೋಗಿ ಸೇರುವುದು ಮಾಲೀಕರ ಎಫ್‌ಐಡಿಗೆ. ಹೀಗಾಗಿ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆದಾಗ ಲಾವಣಿಯವರು ತಾವು ರಾಶಿ ಮಾಡಿದ ಕಡಲೆಯನ್ನು ಸೊಸೈಟಿಗೆ ಹೇರಿಕೊಂಡು ಹೋಗಿ ಇನ್ನೊಬ್ಬರ ಹೆಸರಿನಲ್ಲಿ ತೂಗಿಸುತ್ತಾರೆ. ದುಡ್ಡು ವಾರಗಳ ಮೇಲೆ ಆ ಇನ್ನೊಬ್ಬರ ಖಾತೆಗೆ ಜಮಾ ಆಗುತ್ತದೆ, ಅಲ್ಲಿಂದ ಅದು ಇವರ ಕೈಗೆ ಬರುವುದು ಮಾಲೀಕರು ಬ್ಯಾಂಕಿಗೆ ಹೋದಾಗ. ಆ ಖಾತೆಯಲ್ಲಿ ಹಳೇ ಬೆಳೆಸಾಲ ಸುಸ್ತಿಯಾಗಿದ್ದರೆ ಬ್ಯಾಂಕು ಮೊದಲು ತನ್ನ ಬಾಕಿ ಮುರಿದುಕೊಳ್ಳಲೂಬಹುದು. ಅಂಥ ಕಡೆ ಕಾಯಲಾರದವರು ಎಪಿಎಂಸಿ ದಲಾಲಿ ಅಂಗಡಿಗೇ ಚೀಲ ಇಳಿಸುತ್ತಾರೆ. ಅಲ್ಲಿ ಬೆಲೆ ಕಡಿಮೆ, ಉತಾರ ಯಾರೂ ಕೇಳುವುದಿಲ್ಲ.